ಪ್ರಾಜೆಕ್ಟ್ ಮಾಡಿದ್ದು ಮಗುವೋ, ಜೆರಾಕ್ಸ್ ಅಂಗಡಿಯವನೋ?

ಯಾವುದೇ ಹೋಬಳಿ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಹೈಸ್ಕೂಲ್ ಮಕ್ಕಳ ಪ್ರಾಜೆಕ್ಟ್ ಅಲ್ಲಿ ರೆಡಿ ಇರುತ್ತದೆ. ಹೊಯ್ಸಳರು ಅಂದರೆ ನಾಲ್ಕು ಪುಟ, ಜಾಗತಿಕ ತಾಪಮಾನ ಅಂದರೆ ಐದು ಪುಟ, ಕಲರ್ ಬೇಕಾದರೆ ದುಡ್ಡು ಜಾಸ್ತಿ. ಹುಡುಕುವವನೂ ಅಂಗಡಿಯವನೇ, ಆರಿಸುವವನೂ ಅವನೇ. ಮಗು ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಎಳೆಯುತ್ತದೆ, ಮೇಷ್ಟ್ರು ಆಂತರಿಕ ಅಂಕ ಹಾಕುತ್ತಾರೆ. ಇಷ್ಟರಲ್ಲಿ ಏನಾದರೂ ಕಲಿತವರಿದ್ದರೆ ಅದು ಅಂಗಡಿಯವನೇ.

ಈ ವ್ಯವಹಾರಕ್ಕೆ ಇಂಟರ್ನೆಟ್ ಮೂಲಕ ಕಲಿಕೆ ಎಂದು ಹೆಸರಿಟ್ಟು ನಾವೆಲ್ಲ ಸುಮ್ಮನಿದ್ದೇವೆ. ನಮ್ಮ ತಕರಾರು ಇಂಟರ್ನೆಟ್ ಮೇಲಲ್ಲ. ಆನ್‌ಲೈನ್ ಆಕರಗಳನ್ನು ತರಗತಿಯಲ್ಲಿ ತೆರೆದು ತೋರಿಸದೆ ಮನೆಗೆಲಸಕ್ಕೆ ತಳ್ಳುವುದರ ಮೇಲೆ. ಹುಡುಕುವುದೂ ಒಂದು ವಿದ್ಯೆ. ಭಾಗಾಕಾರ ಹೇಳಿಕೊಡದೆ ಲೆಕ್ಕ ಕೊಡುವ ಮೇಷ್ಟ್ರನ್ನು ಯಾರೂ ಒಪ್ಪುವುದಿಲ್ಲ. ಹುಡುಕುವುದನ್ನು ಹೇಳಿಕೊಡದೆ ಪ್ರಾಜೆಕ್ಟ್ ಕೊಡುವುದನ್ನು ಮಾತ್ರ ಹೇಗೆ ಒಪ್ಪುತ್ತೇವೆ?

ಕನ್ನಡದಲ್ಲಿ ಏನಿದೆ ಮಹಾ ಎಂದು ಮೂಗು ಮುರಿಯುವವರಿದ್ದಾರೆ. ಇದೆ ಸ್ವಾಮಿ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಶುರುವಾದ ಕಣಜ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳ ರಾಶಿಯೇ ಇದೆ. 2003ರಿಂದ ಕನ್ನಡ ವಿಕಿಪೀಡಿಯ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಇವುಗಳಲ್ಲಿ ಹಲವು ನಮ್ಮದೇ ತೆರಿಗೆಯ ದುಡ್ಡಿನಲ್ಲಿ ಆಗಿದ್ದು. ಇವುಗಳ ಹೆಸರು ಕೇಳದೆಯೇ ಎಷ್ಟು ಮಕ್ಕಳು ಎಸ್ಎಸ್ಎಲ್‌ಸಿ ಮುಗಿಸುತ್ತಿಲ್ಲ?

ತರಗತಿಯಲ್ಲಿ ಇದರಿಂದ ಏನಾಗುತ್ತದೆ? ಒಂದು ಉದಾಹರಣೆ ನೋಡೋಣ. ಕನ್ನಡದ ಅತಿ ಹಳೆಯ ಶಾಸನ ಯಾವುದು? ಬೇಲೂರು ತಾಲ್ಲೂಕಿನ ಹಲ್ಮಿಡಿಯದ್ದು, ಸುಮಾರು ಕ್ರಿ.ಶ. 450 ಎಂದು ಎಲ್ಲ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಅದನ್ನೇ ಆನ್‌ಲೈನ್‌ನಲ್ಲಿ ಹುಡುಕಿದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದವೂ ಎದುರಾಗುತ್ತದೆ. ಅಲ್ಲಿನ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು ಎನ್ನುವ ವಾದ ಕಾಣುತ್ತದೆ. ಈಗ ಯಾವುದು ಸರಿ? ಇನ್ನೂ ಕೆದಕಿದರೆ ಹಲ್ಮಿಡಿ ಶಾಸನದಲ್ಲಿ ಇಸವಿಯೇ ಇಲ್ಲ, ವಿದ್ವಾಂಸರು ಲಿಪಿಯನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ನೋಡಿ ಕಾಲ ಅಂದಾಜಿಸಿದ್ದಾರೆ ಎಂಬುದು ತಿಳಿಯುತ್ತದೆ. ಇತಿಹಾಸ ಎಂದರೆ ಇಸವಿಯ ಪಟ್ಟಿಯಲ್ಲ, ಸಾಕ್ಷ್ಯದ ಮೇಲೆ ನಡೆಯುವ ವಾದ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಗೆ ಅರ್ಥವಾಗಲು ಒಂದು ಪೀರಿಯಡ್ ಸಾಕು. ಜೆರಾಕ್ಸ್ ಅಂಗಡಿಯ ನಾಲ್ಕು ಪುಟ ಈ ಪಾಠ ಹೇಳುವುದಿಲ್ಲ.

ಕನ್ನಡ ಮೇಷ್ಟ್ರಿಗೂ ಇದರಲ್ಲಿ ಕೆಲಸವಿದೆ. ವಚನ ಸಂಚಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಹಿಡಿದು ಹುಡುಕಬಹುದು. ಕಾಯಕ ಎಂಬ ಪದವನ್ನು ಯಾವ ಯಾವ ವಚನಕಾರರು ಬಳಸಿದ್ದಾರೆ, ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ಮಕ್ಕಳೇ ಎಣಿಸಿ ಹೇಳಲಿ. ಗೈಡಿನಲ್ಲಿ ಈ ಉತ್ತರ ಸಿಗುವುದಿಲ್ಲ.

ಇನ್ನು ಮಾಮೂಲಿ ನೆಪಗಳು. ನೆಟ್ ಇಲ್ಲ ಎನ್ನುತ್ತಾರೆ. ಹಲವು ಊರುಗಳಲ್ಲಿ ಇದು ನಿಜವೂ ಹೌದು. ಆದರೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಬಳಸಿ ಇಡೀ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ, ಪೆನ್ ಡ್ರೈವ್‌ನಲ್ಲಿಟ್ಟುಕೊಂಡು ನೆಟ್ ಇಲ್ಲದೆಯೇ ಓದಬಹುದು. ವಿಕಿಪೀಡಿಯ ಯಾರು ಬೇಕಾದರೂ ತಿದ್ದುತ್ತಾರೆ, ನಂಬುವ ಹಾಗಿಲ್ಲ ಎನ್ನುತ್ತಾರೆ. ಹಾಗಾದರೆ ಅದನ್ನೇ ಪಾಠ ಮಾಡಿ. ಕೆಳಗಿನ ಉಲ್ಲೇಖಗಳನ್ನು ನೋಡುವುದು ಹೇಗೆ, ಇತಿಹಾಸ ಪುಟದಲ್ಲಿ ಯಾರು ಯಾವಾಗ ಏನು ತಿದ್ದಿದ್ದಾರೆ ಎಂದು ತಿಳಿಯುವುದು ಹೇಗೆ ಎಂದು ತೋರಿಸಿ. ಮೊಬೈಲ್ ಕೊಟ್ಟರೆ ರೀಲ್ಸ್ ನೋಡುತ್ತಾರೆ ಎನ್ನುತ್ತಾರೆ. ಕೊಡದಿದ್ದರೂ ನೋಡುತ್ತಿದ್ದಾರೆ. ಈಗಂತೂ ಎಐ ಆಪ್‌ಗಳನ್ನು ಕೇಳಿದರೆ ಸಾಕು, ಸುಳ್ಳನ್ನೂ ಅನುಮಾನ ಬಾರದಷ್ಟು ಚೆಂದವಾಗಿ ಬರೆದುಕೊಡುತ್ತವೆ. ಮೂಲ ಯಾವುದು ಎಂದು ಕೇಳುವ ಅಭ್ಯಾಸವಿಲ್ಲದ ಮಗು ಅಲ್ಲಿ ಏನು ಮಾಡಬೇಕು?

ಪೇಟೆಯ ದೊಡ್ಡ ಖಾಸಗಿ ಶಾಲೆಯ ಮಗುವಿಗೆ ಇದನ್ನು ಮನೆಯಲ್ಲಾದರೂ ಯಾರೋ ಹೇಳಿಕೊಡುತ್ತಾರೆ. ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಮಗುವಿಗೆ ಹೇಳಿಕೊಡಲು ಇರುವುದು ಅದರ ಮೇಷ್ಟ್ರು ಮಾತ್ರ. ಮುಂದೆ ಕಾಲೇಜಿನಲ್ಲಿ, ಕೆಲಸದಲ್ಲಿ ಈ ಅಂತರವೇ ಪ್ರತಿಭೆ ಎಂಬ ಹೆಸರು ಪಡೆಯುತ್ತದೆ. ನಮ್ಮ ಸಿಟ್ಟು ಇರುವುದು ಇಲ್ಲಿ.

ಹಾಗಂತ ಎಲ್ಲ ಭಾರವನ್ನೂ ಮೇಷ್ಟ್ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಗಣತಿಗೂ ಅವರೇ, ಚುನಾವಣೆಗೂ ಅವರೇ. ಇಲಾಖೆ ವಾರಕ್ಕೊಂದು ಪೀರಿಯಡ್ಡನ್ನು ವೇಳಾಪಟ್ಟಿಯಲ್ಲೇ ಕೊಡಲಿ, ತರಬೇತಿಯನ್ನೂ ಕೊಡಲಿ. ಪ್ರಾಜೆಕ್ಟ್‌ನಲ್ಲಿ ಕನಿಷ್ಠ ಎರಡು ಮೂಲ ಹೆಸರಿಸದಿದ್ದರೆ, ಮಗು ಸ್ವಂತ ಮಾತಿನಲ್ಲಿ ಬರೆಯದಿದ್ದರೆ ಅಂಕ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಓದುವ ಬೆಳಕು ಕಾರ್ಯಕ್ರಮ 2020ರಲ್ಲೇ ಶುರುವಾಗಿದೆ. ಅಲ್ಲಿನ ಕಂಪ್ಯೂಟರ್ ಶಾಲೆ ಬಿಟ್ಟ ಮೇಲೂ ಮಕ್ಕಳ ಕೈಗೆ ಸಿಗಲಿ.

ಓದುಗರಲ್ಲಿ ಎಸ್‌ಡಿಎಂಸಿ ಸದಸ್ಯರಿದ್ದರೆ ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸ್ ಪರದೆಯ ಮೇಲೆ ಈ ತಿಂಗಳು ಒಂದಾದರೂ ವಿಶ್ವಕೋಶ ತೆರೆದಿತ್ತೇ? ಉತ್ತರ ಏನು ಬಂತೆಂದು ನಮಗೂ ತಿಳಿಸಿ.