ಹಳೆಯ ತಂತ್ರಾಂಶದ ಯೋಗಕ್ಷೇಮ

ಕಾವೂರಿನಿಂದ ನಮ್ಮ ವಾಚಕರೊಬ್ಬರು ಕಳೆದ ತಿಂಗಳು ಪತ್ರವೊಂದನ್ನು ಬರೆದಿರುವರು. ಇವರು ಇಪ್ಪತ್ತು ವರ್ಷಗಳ ಕಾಲ ಮನೆಯ ಚಾವಡಿಯಲ್ಲಿಯೇ ಡಿ.ಟಿ.ಪಿ. ಕೆಲಸವನ್ನು ನಡೆಯಿಸಿ, ಮದುವೆಯ ಕಾಗದ, ಕೋಲದ ಆಮಂತ್ರಣ, ಬ್ರಹ್ಮಕಲಶದ ಸ್ಮರಣಸಂಚಿಕೆ ಮೊದಲಾದುವನ್ನು ಅಚ್ಚಿಗೆ ಸಿದ್ಧಗೊಳಿಸಿ ಕೊಡುತ್ತಿದ್ದವರು. ಅದಕ್ಕೆಂದು ಹಣ ತೆತ್ತು ಕೊಂಡ ಪೇಜ್‌ಮೇಕರ್ ೭ ಎಂಬ ತಂತ್ರಾಂಶದ ಸಿ.ಡಿ.ಯೂ ಅದರ ಕ್ರಮಸಂಖ್ಯೆಯೂ ಈಗಲೂ ಅವರಲ್ಲಿ ಉಂಟು. ತಮ್ಮ ತಾಯಿಯವರು ನಾಟಿಯ ಗದ್ದೆಯಲ್ಲಿ ಹಾಡುತ್ತಿದ್ದ ತುಳು ಪಾಡ್ದನಗಳನ್ನು ಅವರು ಬಿಡುವಿನ ವೇಳೆಯಲ್ಲಿ ಕನ್ನಡ ಲಿಪಿಯಲ್ಲಿ ಇದರಿಂದಲೇ ಜೋಡಿಸಿಟ್ಟಿದ್ದರು. ತಾಯಿಯವರು ಈಗಿಲ್ಲ, ಹಾಡುಗಳನ್ನು ಬರೆದಿಟ್ಟ ಪುಸ್ತಕವು ಗೆದ್ದಲಿನ ಪಾಲಾಗಿದೆ. ಉಳಿದಿರುವುದು ಕಂಪ್ಯೂಟರಿನೊಳಗಿನ ಕಡತವೊಂದೇ. ಹಳೆಯ ಕಂಪ್ಯೂಟರು ಈ ಮಳೆಗಾಲದಲ್ಲಿ ಆಗಾಗ್ಗೆ ನಿಂತುಹೋಗುತ್ತಿದೆ. ಹೊಸದನ್ನು ತಂದರೆ ಅದಕ್ಕೆ ಸಿ.ಡಿ. ಹಾಕುವ ಕಂಡಿಯೇ ಇಲ್ಲ. ಕಡತವನ್ನು ನಕಲುಮಾಡಿ ತಂದರೆ ಅದು ತೆರೆಯಲೊಲ್ಲದು. “ಶಾಶ್ವತವಾಗಿ ಕೊಂಡ ವಸ್ತುವು ನನಗೇ ಒದಗದೆ ಹೋಗುವುದು ನ್ಯಾಯವೇ?” ಎಂದು ಅವರು ಕೇಳಿರುವರು.

ಇಂತಹ ಚಿಂತೆಯು ಇವರೊಬ್ಬರದೇ ಅಲ್ಲವಾದುದರಿಂದ, ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡುವೆವು.

ಅಜ್ಜಿಯ ಕಾಲದ ಹಿತ್ತಾಳೆಯ ಚರಿಗೆಯು ನಮ್ಮದೇ; ಅದನ್ನು ಯಾರೂ ಕಸಿಯಲಾರರು. ಆದರೆ ಕಲಾಯಿ ಹಾಕುವವನು ಊರಿಗೆ ಬರುವುದನ್ನು ಬಿಟ್ಟನೆಂದರೆ ಅದರಲ್ಲಿ ಹುಳಿ ಕುದಿಸುವಂತಿಲ್ಲ. ಶಾಶ್ವತ ಲೈಸೆನ್ಸಿನ ಪಾಡೂ ಹೀಗೆಯೇ. ಬಳಸುವ ಹಕ್ಕಿಗೆ ಅವಧಿಯಿಲ್ಲ. ಆದರೆ ಆ ತಂತ್ರಾಂಶವನ್ನು ಹೊತ್ತು ನಡೆಯಿಸುವ ಯಂತ್ರಕ್ಕೂ ವಿಂಡೋಸಿಗೂ ಅವಧಿಯುಂಟು. ಪೇಜ್‌ಮೇಕರನ್ನು ಆಲ್ಡಸ್ ಎಂಬ ಕಂಪನಿಯು ೧೯೮೫ರಲ್ಲಿ ಹೊರತಂದಿತು. ೧೯೯೪ರಲ್ಲಿ ಆಲ್ಡಸ್ ಅಡೋಬಿಯಲ್ಲಿ ಸೇರಿತು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಕಡೆಯದು. ೨೦೧೩ರಿಂದೀಚೆಗೆ ಅಡೋಬಿಯವರು ತಮ್ಮ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಬಾಡಿಗೆಯ ಕ್ರಮದಲ್ಲಿಯೇ ಕೊಡುತ್ತಿರುವರು. ಇತ್ತ ವಿಂಡೋಸ್ ಎಕ್ಸ್‌ಪಿಯ ಪೋಷಣೆಯು ೨೦೧೪ರ ಏಪ್ರಿಲ್ ೮ರಂದೂ, ವಿಂಡೋಸ್ ೭ರದು ೨೦೨೦ರ ಜನವರಿ ೧೪ರಂದೂ, ವಿಂಡೋಸ್ ೧೦ರದು ೨೦೨೫ರ ಅಕ್ಟೋಬರ್ ೧೪ರಂದೂ ಮುಗಿದುವು.

ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ತೊಡಕುಂಟು. ಮಂಗಳೂರಿನ ಬಾಸೆಲ್ ಮಿಶನ್ನಿನವರು ೧೮೯೪ರಲ್ಲಿ ಅಚ್ಚುಹಾಕಿದ ಕಿಟ್ಟೆಲರ ನಿಘಂಟನ್ನು ಇಂದು ಕೈಗೆತ್ತಿಕೊಂಡರೆ, ಕಣ್ಣೂ ಅಕ್ಷರಜ್ಞಾನವೂ ಇದ್ದವರು ಯಾರಾದರೂ ಓದಬಲ್ಲರು. ಹಳೆಯ ಡಿ.ಟಿ.ಪಿ. ಕಡತವು ಹಾಗಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೇ ಮೊದಲಾದುವುಗಳ ಹಳೆಯ ಅಕ್ಷರಗಳಲ್ಲಿ, ರೋಮನ್ ಅಕ್ಷರಗಳಿಗೆ ಗೊತ್ತುಮಾಡಿದ್ದ ಅಂಕೆಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಗುಣಿತ, ಒತ್ತುಗಳ ಆಕೃತಿಗಳನ್ನು ಕೂಡಿಸಿದ್ದರು. ಕಡತದೊಳಗೆ ಇರುವುದು ಆ ಅಂಕೆಗಳು ಮಾತ್ರ. ಅದೇ ಅಕ್ಷರಮಾಲೆಯು ಯಂತ್ರದಲ್ಲಿದ್ದರೆ ಪಾಡ್ದನವು ಕಾಣುವುದು; ಇಲ್ಲದಿದ್ದರೆ ರೋಮನ್ ಅಕ್ಷರಗಳ ಗೋಜಲು ಕಾಣುವುದು. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆಂದೇ ಬೇರೆ ಅಂಕೆಗಳು ದೊರೆತಿವೆ. ಹಾಗೆ ಬರೆದುದು ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುವುದು.

ಇನ್ನು ಮಾಡತಕ್ಕ ಕ್ರಮವನ್ನು ಹೇಳುವೆವು.

ಮೊದಲನೆಯದಾಗಿ, ಹಳೆಯ ಯಂತ್ರವು ಎಷ್ಟೇ ಕುಂಟಿದರೂ ಅದನ್ನು ಗುಜರಿಗೆ ಹಾಕಕೂಡದು. ಅದು ಏಳುವ ದಿನ ನೋಡಿ, ಕಡತಗಳನ್ನೂ, ಅವುಗಳಲ್ಲಿ ಬಳಸಿದ ಎಲ್ಲ ಕನ್ನಡ ಅಕ್ಷರಮಾಲೆಗಳನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲುಮಾಡಬೇಕು. ಸಿ.ಡಿ.ಯನ್ನು, ಹೊರಗಿನಿಂದ ಜೋಡಿಸುವ ಡ್ರೈವಿನ ಸಹಾಯದಿಂದ, ಐ.ಎಸ್.ಓ. ಎಂಬ ಒಂದೇ ಕಡತವಾಗಿ ತೆಗೆದಿರಿಸಬೇಕು. ನಮ್ಮ ಕಡಲ ಕರೆಯ ತೇವದಲ್ಲಿ ಸಿ.ಡಿ.ಗೆ ಬೂಸಲು ಹಿಡಿಯಲು ಬಹಳ ಕಾಲ ಬೇಡ. ಕ್ರಮಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಹೀಗೆ ನಕಲಿಸುವುದು ಅಪರಾಧವೇನೋ ಎಂದು ಅಂಜಬೇಕಾಗಿಲ್ಲ. ೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾನೂನಿನ ೫೨ನೆಯ ಕಲಮು, ನ್ಯಾಯವಾಗಿ ಪಡೆದ ತಂತ್ರಾಂಶವು ನಷ್ಟವಾಗದಂತೆ ಸ್ವಂತ ಬಳಕೆಗೆ ಪ್ರತಿಯಿರಿಸಿಕೊಳ್ಳಲು ಎಡೆಗೊಟ್ಟಿದೆ. ನೆರೆಯವರಿಗೆ ಹಂಚುವುದಕ್ಕೆ ಮಾತ್ರ ಈ ಅನುಮತಿಯಿಲ್ಲ.

ಎರಡನೆಯದಾಗಿ, ಹೊಸ ಯಂತ್ರದಲ್ಲಿಯೇ ಪ್ರಯತ್ನಿಸಿ ನೋಡಬಹುದು. ವಿಂಡೋಸ್ ೧೧ ಇರುವ ಯಂತ್ರವು ೬೪ ಬಿಟ್ಟಿನದು; ಅದು ೩೨ ಬಿಟ್ಟಿನ ತಂತ್ರಾಂಶಗಳನ್ನು ಸಾಮಾನ್ಯವಾಗಿ ನಡೆಯಿಸುವುದು, ೧೬ ಬಿಟ್ಟಿನವುಗಳನ್ನು ಸರ್ವಥಾ ನಡೆಯಿಸದು. ಕೆಲವು ಹಳೆಯ ತಂತ್ರಾಂಶಗಳು ತಾವು ೩೨ ಬಿಟ್ಟಿನವಾದರೂ ಅವುಗಳನ್ನು ಸ್ಥಾಪಿಸುವ ಭಾಗವು ೧೬ ಬಿಟ್ಟಿನದಾಗಿರುವುದರಿಂದ ಹೊಸ್ತಿಲಲ್ಲಿಯೇ ಎಡವುವುವು. ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ ‘ಕಂಪ್ಯಾಟಿಬಿಲಿಟಿ’ ಎಂಬ ಪುಟವುಂಟು. ಅಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಆರಿಸಿದರೆ ಎಷ್ಟೋ ವೇಳೆ ಕೆಲಸವಾಗುವುದು.

ಮೂರನೆಯದಾಗಿ, ಇದೂ ಫಲಿಸದಿದ್ದರೆ, ಹಳಬನಿಗೆ ಹೊಸ ಮನೆಯೊಳಗೊಂದು ಕೋಣೆಯನ್ನು ಕೊಡಬೇಕು. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವು ಕ್ರಯವಿಲ್ಲದೆ ದೊರೆಯುವುದು. ಅದು ಹೊಸ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಲ್ಪಿಸುವುದು. ಅದರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನೂ, ಅದರ ಮೇಲೆ ಪೇಜ್‌ಮೇಕರನ್ನೂ ನುಡಿಯನ್ನೂ ಸ್ಥಾಪಿಸಿದರೆ, ಅವು ತಮ್ಮ ಕಾಲದಲ್ಲಿಯೇ ಇರುವಂತೆ ನಡೆಯುವುವು. ಎರಡು ಎಚ್ಚರಿಕೆಗಳುಂಟು. ಆ ಕೋಣೆಗೆ ಇಂಟರ್ನೆಟ್ಟಿನ ಬಾಗಿಲನ್ನು ತೆರೆಯಕೂಡದು. ಪೋಷಣೆಯಿಲ್ಲದ ವಿಂಡೋಸಿಗೆ ಹೊರಗಿನ ಸೋಂಕನ್ನು ತಡೆಯುವ ಶಕ್ತಿಯಿಲ್ಲ. ಮತ್ತು ಹಳೆಯ ಯಂತ್ರದೊಡನೆ ಬಂದ ವಿಂಡೋಸಿನ ಲೈಸೆನ್ಸು ಎಷ್ಟೋ ಸಲ ಆ ಯಂತ್ರಕ್ಕೇ ಕಟ್ಟುಬಿದ್ದಿರುವುದು. ಆದಕಾರಣ ಅದರ ಕಾಗದಗಳನ್ನು ಮೊದಲು ಓದಿನೋಡತಕ್ಕದ್ದು. ಬೀಗ ಮುರಿದ ಕಳ್ಳಪ್ರತಿಯನ್ನು ಬಿಟ್ಟಿಯಾಗಿ ಕೊಡುವೆವೆನ್ನುವವರನ್ನು ಹೊಸ್ತಿಲು ದಾಟಿಸಕೂಡದು. ಅದರೊಡನೆ ಬೇಡದ ಅತಿಥಿಗಳೂ ಒಳಸೇರುವುದುಂಟು.

ಇಷ್ಟರಿಂದ ಹಳೆಯ ತಂತ್ರಾಂಶವು ಇನ್ನೂ ಕೆಲವು ವರ್ಷ ನಡೆದೀತು. ಆದರೆ ಕಾವೂರಿನ ಗೃಹಸ್ಥರಿಗೆ ಬೇಕಾದುದು ತಂತ್ರಾಂಶವೋ, ಪಾಡ್ದನಗಳೋ? ನಾವು ಹೇಳುವ ಮುಖ್ಯವಾದ ಮಾತು ಇದೇ: ಹಳೆಯ ತಂತ್ರಾಂಶವನ್ನು ನಡೆಯಿಸುವುದು ಒಳಗಿರುವುದನ್ನು ಹೊರತರುವುದಕ್ಕಾಗಿ. ಅದು ತೆರೆದ ದಿನವೇ ಪ್ರತಿ ಪುಟವನ್ನೂ, ಅಕ್ಷರಮಾಲೆಯನ್ನು ಒಳಗೂಡಿಸಿಕೊಂಡು, ಪಿ.ಡಿ.ಎಫ್. ಮಾಡಬೇಕು, ಅದರಿಂದ ಪುಟದ ರೂಪವು ಉಳಿಯುವುದು. ಬಳಿಕ ಪದ್ಯಗಳನ್ನು ಹೊರತೆಗೆದು, ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಬೇಕು. ಅದರಿಂದ ಮಾತು ಉಳಿಯುವುದು. ಪೇಜ್‌ಮೇಕರು ಎಲ್ಲಿಯೂ ಏಳದೆ ಹೋದರೆ, ಕ್ರಯವಿಲ್ಲದೆ ಸಿಕ್ಕುವ ಲಿಬ್ರೆ ಆಫೀಸಿನ ‘ಡ್ರಾ’ ಎಂಬ ಭಾಗವು ಅದರ ಕಡತಗಳನ್ನು ತಕ್ಕಮಟ್ಟಿಗೆ ತೆರೆಯಬಲ್ಲುದು.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಲಾಗದು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅದು ತಪ್ಪುವುದುಂಟು. ತುಳುವಿನ ವಿಶೇಷ ಉಚ್ಚಾರಕ್ಕಾಗಿ ಹಾಕಿದ ಗುರುತುಗಳೂ ಮಾಯವಾಗಬಹುದು. ಆದುದರಿಂದ ಪಿ.ಡಿ.ಎಫ್. ಪ್ರತಿಯನ್ನು ಮಗ್ಗುಲಲ್ಲಿಟ್ಟುಕೊಂಡು, ಒಬ್ಬರು ಓದಿ ಇನ್ನೊಬ್ಬರು ತಿದ್ದಬೇಕು. ಮನೆಯ ಮಕ್ಕಳನ್ನು ಇದಕ್ಕೆ ಕೂಡಿಸಿಕೊಂಡರೆ ಅಜ್ಜಿಯ ಹಾಡು ಅವರ ಕಿವಿಗೂ ಬಿದ್ದಂತಾಗುವುದು. ತಿದ್ದಿದ ಪ್ರತಿಯನ್ನು ಒಳ್ಳೆಯ ಕಾಗದದಲ್ಲಿ ಮುದ್ರಿಸಿ, ನಾಲ್ಕು ಮನೆಗಳಲ್ಲಿ ಒಂದೊಂದನ್ನು ಇರಿಸಬೇಕು.

ನಮ್ಮ ಹಿರಿಯರ ಓಲೆಗರಿಯ ಗ್ರಂಥಗಳು ನಮ್ಮವರೆಗೆ ಬಂದುದು ಓಲೆಯು ಗಟ್ಟಿಯಾಗಿದ್ದುದರಿಂದಲ್ಲ. ಹಳೆಯ ಗರಿ ಶಿಥಿಲವಾಗುವ ಮುನ್ನ ಯಾರೋ ಒಬ್ಬರು ಕುಳಿತು ಹೊಸ ಗರಿಯ ಮೇಲೆ ಅದನ್ನು ಬರೆದುದರಿಂದ. ಆ ಸರದಿಯು ಈಗ ನಮ್ಮದು. ಕಾವೂರಿನ ಗೃಹಸ್ಥರು ಹಳೆಯ ಯಂತ್ರವು ಇನ್ನೊಮ್ಮೆ ಎದ್ದ ದಿನವೇ ಈ ಕಾರ್ಯಕ್ಕೆ ತೊಡಗುವರೆಂದೂ, ಮುಂದಿನ ನಾಟಿಯ ಹೊತ್ತಿಗೆ ಆ ಹಾಡುಗಳನ್ನು ಮನೆಯವರೆಲ್ಲರೂ ಓದುವಂತಾಗುವುದೆಂದೂ ನಾವು ನಂಬುವೆವು.