ಸುಳ್ಳು ಆಕಾಶ ಬೇಕೇ? ಬೇಕು!



ಯೂರೋಪಿನವರು 2023ರ ಜುಲೈ 1ರಂದು ಯೂಕ್ಲಿಡ್ ಎಂಬ ದೂರದರ್ಶಕವನ್ನು ಹಾರಿಸಿದರು. ಅದೀಗ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದನ್ನು ಕಳಿಸುವ ಮುಂಚೆ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಸುಳ್ಳು ಗೆಲಾಕ್ಸಿಗಳನ್ನು ಮಾಡಿ, ಅವು ಯೂಕ್ಲಿಡ್ ಕಣ್ಣಿಗೆ ಬೀಳ್ತಾವೋ ಇಲ್ಲವೋ ಅಂತ ಪರೀಕ್ಷಿಸಿದರು. ಇದನ್ನು ಕೇಳಿ ನಮ್ಮ ತರಗತಿಯಲ್ಲಿ ಕೆಲವರು ನಕ್ಕರು. "ನಿಜವಾದ ಆಕಾಶ ತಲೆ ಮೇಲೇ ಇರುವಾಗ ಸುಳ್ಳು ಆಕಾಶ ಯಾಕ್ರೋ, ದುಡ್ಡು ದಂಡ" ಅಂದರು. ನಾನು ಇದನ್ನು ಒಪ್ಪೋದಿಲ್ಲ.

ಯೂಕ್ಲಿಡ್‌ನಲ್ಲಿ ಅವಕೆಂಪು ಬೆಳಕನ್ನು ಬಿಡಿಸಿ ನೋಡುವ ಒಂದು ರೋಹಿತಮಾಪಕ ಇದೆ. ಗೆಲಾಕ್ಸಿಯಲ್ಲಿರುವ ಜಲಜನಕ 656 ನ್ಯಾನೋಮೀಟರಿನ ಕೆಂಪು ಬೆಳಕು ಬಿಡುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಆ ಬೆಳಕು ದಾರಿಯಲ್ಲೇ ಹಿಗ್ಗಿ ಅವಕೆಂಪು ಆಗಿಬಿಡುತ್ತದೆ. ಎಷ್ಟು ಹಿಗ್ಗಿದೆ ಅಂತ ಅಳೆದರೆ ಗೆಲಾಕ್ಸಿಯ ದೂರ ಗೊತ್ತಾಗುತ್ತದೆ. ಇವರು ಹುಡುಕುವುದು ಸುಮಾರು 700ರಿಂದ 1000 ಕೋಟಿ ವರ್ಷ ಹಿಂದೆ ಹೊರಟ ಬೆಳಕನ್ನು! ತೊಂದರೆ ಏನಂದ್ರೆ, ಈ ಉಪಕರಣಕ್ಕೆ ಸೀಳುಕಿಂಡಿ ಇಲ್ಲ. ಎದುರಿಗಿರುವ ಎಲ್ಲಾ ನಕ್ಷತ್ರ, ಎಲ್ಲಾ ಗೆಲಾಕ್ಸಿಗಳ ಬೆಳಕೂ ಒಟ್ಟಿಗೇ ಪಟ್ಟಿ ಪಟ್ಟಿಯಾಗಿ ಹರಡಿ ಒಂದರ ಮೇಲೊಂದು ಬೀಳುತ್ತದೆ. ಮಂಕು ಗೆಲಾಕ್ಸಿ ಅದರಲ್ಲಿ ಮುಚ್ಚಿಹೋಗುತ್ತದೆ.

ಈಗ ಅಕ್ಕಿ ಆರಿಸೋದನ್ನೇ ನೋಡಿ. ಕಲ್ಲಿಲ್ಲದ ಒಂದು ಮೊರ ಅಕ್ಕಿಗೆ ನಾವೇ ಎಣಿಸಿ 50 ಕಲ್ಲು ಬೆರೆಸಿ ಅಜ್ಜಿಗೆ ಕೊಟ್ಟೆವು ಅನ್ನಿ. ಅಜ್ಜಿ 40 ತೆಗೆದರು. ಅಂದ್ರೆ ಐದರಲ್ಲಿ ಒಂದು ತಪ್ಪಿಹೋಗ್ತಿದೆ. ಇದು ಗೊತ್ತಿದ್ದರೆ, ಮುಂದೆ ಅಂಗಡಿ ಅಕ್ಕಿಯಲ್ಲಿ 80 ಸಿಕ್ಕಾಗ ಸುಮಾರು 100 ಇದ್ದಿರಬೇಕು ಅಂತ ಹೇಳಬಹುದು. ಬೆರೆಸಿ ನೋಡದೇ ಹೋದರೆ 80 ಅಂತಲೇ ಬರೆದುಕೊಳ್ತೀವಿ. ಅಜ್ಜಿ ಒಮ್ಮೊಮ್ಮೆ ಕಪ್ಪು ಅಕ್ಕಿಕಾಳನ್ನೂ ಕಲ್ಲು ಅಂತ ಎಸೀತಾರೆ. ಅಲ್ಲೂ ಹಾಗೇ, ಇನ್ನೂ ದೂರದ ಗೆಲಾಕ್ಸಿಯ ಆಮ್ಲಜನಕದ ಗೆರೆ ಹಿಗ್ಗಿ ಬಂದು ಜಲಜನಕದ ಗೆರೆಯ ಜಾಗದಲ್ಲೇ ಕೂರಬಹುದು. ಆಗ ದೂರದ ಲೆಕ್ಕವೇ ತಪ್ಪು.

ಯೂಕ್ಲಿಡ್‌ನವರು ಬೆರೆಸಿದ ಕಲ್ಲುಗಳ ಪಟ್ಟಿ ದೊಡ್ಡದು. ಸ್ವಿಟ್ಜರ್ಲೆಂಡಿನ ಪಿಜ್ ಡೈಂಟ್ ಎಂಬ ಮಹಾಗಣಕದಲ್ಲಿ ಮಾಡಿದ ನಕಲಿ ವಿಶ್ವದಿಂದ ತಯಾರಾಗಿ 2024ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸುಮಾರು 340 ಕೋಟಿ ಗೆಲಾಕ್ಸಿಗಳಿವೆ. ಇಂಥ ನಕಲಿ ಗೆಲಾಕ್ಸಿಗಳ ಬೆಳಕನ್ನು ಪಟ್ಟಿಯಾಗಿ ಹರಡಿ, ಆಕಾಶದ ಮಬ್ಬು, ಉಪಕರಣದ ಗದ್ದಲ ಎಲ್ಲಾ ಸೇರಿಸಿ, ಉತ್ತರ ಮುಚ್ಚಿಟ್ಟು ಅಳೆಯಲು ಕೊಡುತ್ತಾರೆ. ಆಮೇಲೆ ತಾಳೆ ನೋಡುತ್ತಾರೆ. ನಮ್ಮ ಕಿರುಪರೀಕ್ಷೆ ಥರಾನೇ, ಆದರೆ ಕಾಪಿ ಹೊಡೆಯೋಕೆ ಆಗಲ್ಲ.

ಇದು ಬರೀ ಲೆಕ್ಕದ ಚಟ ಅಲ್ಲ. ಗೆಲಾಕ್ಸಿಗಳು ಎಲ್ಲಿ ಗುಂಪು, ಎಲ್ಲಿ ವಿರಳ ಅಂತ ನೋಡಿ ವಿಶ್ವವನ್ನು ಹಿಗ್ಗಿಸುವ ಕಪ್ಪು ಶಕ್ತಿಯ ಗುಟ್ಟು ತಿಳಿಯಬೇಕು ಅಂತ ಅವರ ಆಸೆ. ಪ್ರಖರ ನಕ್ಷತ್ರದ ಪಕ್ಕ ಕಾಣದೇ ಹೋದವನ್ನು "ಅಲ್ಲಿ ಇಲ್ಲವೇ ಇಲ್ಲ" ಅಂದುಕೊಂಡರೆ ಆರು ವರ್ಷದ ದುಡಿಮೆ ನೀರಿಗೆ ಹೋಯಿತು. ಬೆಳಕು ಬಿಡಿಸುವ ಮೂರು ಕೆಂಪು ಗ್ರಿಸಂಗಳಲ್ಲಿ ಒಂದು ಸರಿಯಿಲ್ಲ ಅಂತ ಹಾರಿಸುವ ಮುಂಚೆಯೇ ಗೊತ್ತಾಗಿತ್ತು. ಉಳಿದೆರಡನ್ನೇ 4 ಡಿಗ್ರಿ ಓರೆ ಮಾಡಿ ಕೆಲಸ ಸಾಗಿಸುವ ದಾರಿ ಕಂಡುಕೊಂಡರು. 15 ಲಕ್ಷ ಕಿ.ಮೀ. ಆಚೆ ಹೋದಮೇಲೆ ಗೊತ್ತಾಗಿದ್ದರೆ ಯಾವ ಮೆಕ್ಯಾನಿಕ್ ಹೋಗ್ತಿದ್ದ?

ಆದರೂ ನಕ್ಕವರ ಮಾತಲ್ಲಿ ಒಂದು ಚೂರು ನಿಜ ಇದೆ. ನಾವು ಬೆರೆಸಿದ್ದು ಬರೀ ಕರಿಕಲ್ಲಾಗಿ, ಅಂಗಡಿ ಅಕ್ಕಿಯಲ್ಲಿ ಬಿಳಿಕಲ್ಲಿದ್ದರೆ ನಮ್ಮ ಲೆಕ್ಕ ಹಳ್ಳ ಹಿಡೀತದೆ. ನಕಲಿ ಆಕಾಶದಲ್ಲಿ ನಾವು ಇಟ್ಟದ್ದಷ್ಟೇ ಇರುತ್ತದೆ. ಅದಕ್ಕೇ ಯೂಕ್ಲಿಡ್ ನಿಜವಾದ ಆಕಾಶದ ಮೂರು ಜಾಗಗಳನ್ನು ಆರಿಸಿಕೊಂಡು ಮತ್ತೆ ಮತ್ತೆ ನೋಡುತ್ತದೆ. ಒಂದು ಸಲ ನೋಡಿದಾಗ ತಪ್ಪಿಸಿಕೊಂಡ ಮಂಕು ಗೆಲಾಕ್ಸಿ ಹತ್ತಾರು ಸಲ ನೋಡಿದಾಗ ಸಿಕ್ಕಿಬೀಳುತ್ತದೆ. ಆಗ ಸುಳ್ಳು ಆಕಾಶದ ಲೆಕ್ಕವನ್ನು ಅದರ ಪಕ್ಕ ಇಟ್ಟು ತಾಳೆ ನೋಡಬಹುದು.

— 10ನೇ ತರಗತಿ ವಿದ್ಯಾರ್ಥಿ