ಕಾಯುವ ಜಾಗ ಹಿಗ್ಗಿದರೆ ದೋಣಿ ಹಿಗ್ಗದು

ಬೆಂಗ್ರೆಯಿಂದ ಹೊಳೆ ದಾಟಿ ಬಂದರಿಗೆ ಹೋಗುವವರಿಗೆ ಗೊತ್ತು: ಕಾಯುವ ಜಾಗ ಎಷ್ಟು ದೊಡ್ಡದಾದರೂ ದೋಣಿ ಒಯ್ಯುವುದು ಅಷ್ಟೇ ಜನರನ್ನು. ರೂಟರ್ ಮಾಡುವವರಿಗೆ ಮಾತ್ರ ಇದು ಹೊಳೆಯಲಿಲ್ಲ. ಮೆಮೊರಿ ಅಗ್ಗವಾಯಿತೆಂದು ಬಫರ್, ಅಂದರೆ ಡೇಟಾ ಸರದಿ ಕಾಯುವ ಜಾಗವನ್ನು ಹಿಗ್ಗಿಸುತ್ತಲೇ ಹೋದರು.

1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ 400 ಗಜ ದೂರದ ಎರಡು ಕಡೆಗಳ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40ಕ್ಕೆ ಕುಸಿದಿತ್ತು. 1988ರಲ್ಲಿ ವ್ಯಾನ್ ಜೇಕಬ್ಸನ್ ಕೊಟ್ಟ ಮದ್ದು: ಪ್ಯಾಕೆಟ್ ಕಳೆದುಹೋದರೆ ಕಳಿಸುವ ಕಂಪ್ಯೂಟರ್ ವೇಗ ತಗ್ಗಿಸಲಿ. ಉಬ್ಬಿದ ಬಫರಿನಲ್ಲಿ ಪ್ಯಾಕೆಟ್ ಕಳೆಯುವುದಿಲ್ಲ, ಕೊಳೆಯುತ್ತದೆ. ಕಳಿಸುವವನಿಗೆ ಸುದ್ದಿಯೇ ಮುಟ್ಟದೆ ತುಂಬುತ್ತಲೇ ಇರುತ್ತಾನೆ. ಮನೆಯಲ್ಲೊಬ್ಬರು ವಿಡಿಯೊ ಅಪ್‌ಲೋಡ್‌ಗೆ ಹಾಕಿದರೆ ಗಲ್ಫಿನಲ್ಲಿರುವ ಮಗನ ಕರೆ ತೊದಲುತ್ತದೆ. ಅದಕ್ಕೆ ಇನ್ನೂ ದುಬಾರಿ ಪ್ಲಾನ್ ಮಾರುತ್ತಾರೆ! ಹೆಚ್ಚು ಹೊತ್ತು ಕಾದ ಪ್ಯಾಕೆಟ್ ಎಸೆದು ಕಳಿಸುವವನನ್ನು ಎಚ್ಚರಿಸುವ ಕೋಡೆಲ್ ವಿಧಾನ 2012ರಲ್ಲೇ ಬಂದಿದೆ. ಜಾಹೀರಾತಿನಲ್ಲಿ ಎಂಬಿಪಿಎಸ್ ಪಕ್ಕದಲ್ಲೇ, ಲೈನ್ ತುಂಬಿದಾಗ ಎಷ್ಟು ಮಿಲಿಸೆಕೆಂಡ್ ತಡವಾಗುತ್ತದೆಂದೂ ಅಚ್ಚು ಹಾಕಲಿ.